ಕೆಮ್ಮಿಗೆ ಸಿರಪ್ ಕೇಳೋ ಮೊದಲು: ಶ್ವಾಸಕೋಶ ಸೋಂಕಿನ ತಜ್ಞರು ಏನು ನೋಡ್ತಾರೆ? ಮಂಗಳೂರಿನ ಸಂಶೋಧನೆಯಿಂದ ನಮ್ಮ ತಾಲ್ಲೂಕಿಗೆ ಏನು ಉಪಯೋಗ?

ಬಳ್ಳಾರಿ: ಗಾಂಧಿನಗರದ ಯಾವುದಾದರೂ ಮೆಡಿಕಲ್ ಶಾಪ್ ಮುಂದೆ ಸಂಜೆ ಹೊತ್ತು ಸ್ವಲ್ಪ ನಿಂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತೆ. "ಕೆಮ್ಮು ಹೋಗವಲ್ದು, ಚಲೋ ಸಿರಪ್ ಇದ್ರ ಒಂದು ಕೊಡ್ರಿ." ಸಿರುಗುಪ್ಪದಲ್ಲೂ ಇದೇ ಮಾತು, ಕುರುಗೋಡಿನಲ್ಲೂ ಇದೇ. ಒಂದು ಬಾಟಲಿ ಮುಗಿದ ಮೇಲೆ ಇನ್ನೊಂದು ಬರುತ್ತೆ. ಅದೂ ಕೆಲಸ ಮಾಡದಿದ್ದರೆ ಐದು ದಿನದ ಆಂಟಿಬಯೋಟಿಕ್, ಆಮೇಲೆ ಒಂದು ಇಂಜೆಕ್ಷನ್. ಹೀಗೆ ಎರಡು ತಿಂಗಳು ಕಳೆದು, ಮೈಮೇಲಿನ ಅಂಗಿ ಸಡಿಲ ಆದಾಗ ಯಾರೋ ಒಬ್ಬರು "ಶ್ವಾಸಕೋಶದ ಡಾಕ್ಟರಿಗೆ ತೋರಿಸ್ರಿ" ಅಂತಾರೆ.

ಆ ಡಾಕ್ಟರು ಅಂದ್ರೆ ಯಾರು, ಅವರು ಓದಿರೋದು ಏನು, ಬೇರೆಯವರು ಮಾಡದ ಯಾವ ಕೆಲಸ ಅವರು ಮಾಡ್ತಾರೆ? ಇದನ್ನ ಮೊದಲೇ ತಿಳಿದುಕೊಂಡರೆ ಆ ಎರಡು ತಿಂಗಳು ಉಳಿಯುತ್ತೆ. ಕೆಮ್ಮಿಗೆ ಕಾರಣ ಕ್ಷಯ ಆಗಿದ್ದರೆ ಆ ಎರಡು ತಿಂಗಳಲ್ಲಿ ಮನೆಯವರಿಗೆ, ಅಂಗಡಿ ಗಲ್ಲಾಪೆಟ್ಟಿಗೆ ಎದುರು ನಿಂತ ಗಿರಾಕಿಗೆ ರೋಗಾಣು ಹೋಗ್ತಾ ಇರುತ್ತೆ. ಅದಕ್ಕೇ ಇಷ್ಟು ವಿವರವಾಗಿ ಬರೆಯಬೇಕಾಗಿದೆ.

ಬೋರ್ಡಿನ ಮೇಲಿರೋ ಅಕ್ಷರಗಳು

ಎಂಬಿಬಿಎಸ್ ಎಲ್ಲರಿಗೂ ಗೊತ್ತು. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅದರ ಮೇಲೆ ಮೂರು ವರ್ಷ ಎಂಡಿ ರೆಸ್ಪಿರೇಟರಿ ಮೆಡಿಸಿನ್ ಮಾಡಿದವರು ಶ್ವಾಸಕೋಶ ತಜ್ಞರು. ಹಳೆಯ ಡಾಕ್ಟರುಗಳ ಬೋರ್ಡಿನಲ್ಲಿ ಇದೇ ಪದವಿ 'ಟಿ.ಬಿ. ಮತ್ತು ಎದೆ ರೋಗಗಳು' ಅಂತ ಕಾಣುತ್ತೆ. ಡಿಟಿಸಿಡಿ ಅಂತ ಇದ್ದರೆ ಅದು ಎರಡು ವರ್ಷದ ಡಿಪ್ಲೊಮಾ. ಡಿಎನ್‌ಬಿ ಅಂದ್ರೆ ಎಂಡಿಗೆ ಸಮನಾದ ರಾಷ್ಟ್ರೀಯ ಮಂಡಳಿಯ ಪದವಿ. ಎಂಡಿ ಮುಗಿದ ಮೇಲೆ ಮತ್ತೆ ಮೂರು ವರ್ಷ ಓದಿದರೆ ಡಿಎಂ ಪಲ್ಮನರಿ ಮೆಡಿಸಿನ್. ಇಷ್ಟು ದೂರ ಓದಿದವರು ಸಾಮಾನ್ಯವಾಗಿ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ ಸಿಗ್ತಾರೆ.

ಎಂಡಿ ಮಾಡುವವರು ಒಂದು ಪ್ರಬಂಧ ಬರೆಯಲೇಬೇಕು. ಹಾಗಾಗಿ 'ಸಂಶೋಧನೆ ಮಾಡಿದವರು' ಅನ್ನೋ ಮಾತು ಪ್ರತಿ ತಜ್ಞರಿಗೂ ಸ್ವಲ್ಪಮಟ್ಟಿಗೆ ಹೊಂದುತ್ತೆ. ಆ ಪ್ರಬಂಧ ಕಪಾಟಿನಲ್ಲೇ ಉಳಿಯಿತೋ, ರೋಗಿಯ ಚಿಕಿತ್ಸೆ ಬದಲಾಯಿಸಿತೋ ಅನ್ನೋದು ಬೇರೆ ವಿಷಯ. ಅಂದಹಾಗೆ, ಈಗ ಪಿಜಿ ಓದುವ ಪ್ರತಿ ಡಾಕ್ಟರೂ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು ಅನ್ನೋ ನಿಯಮ ಇದೆ. ಜಿಲ್ಲಾಸ್ಪತ್ರೆಯಲ್ಲಿ ವಯಸ್ಸು ಚಿಕ್ಕದಿರೋ ಡಾಕ್ಟರು ಕಂಡರೆ "ಕಲಿಯೋ ಹುಡುಗ" ಅಂತ ಮುಖ ತಿರುಗಿಸಬೇಡಿ. ಹೊಸ ಪರೀಕ್ಷೆ, ಹೊಸ ಔಷಧಿ ಅವರ ಬಾಯಲ್ಲೇ ಇರುತ್ತೆ.

ಬೋರ್ಡಿನ ಮೇಲೆ ಸಂಶಯ ಬಂದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಬಹುದು. ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ ಕಾಯ್ದೆಯ ಪ್ರಕಾರ ನೋಂದಣಿ ಆಗಿರಬೇಕು. ಕೇಳೋದು ಅವಮಾನ ಅಲ್ಲ, ಅದು ರೋಗಿಯ ಹಕ್ಕು.

ಎದೆಗೆ ಯಂತ್ರ ಇಡೋ ಮೊದಲೇ ಅರ್ಧ ಕೆಲಸ

ಒಳ್ಳೆಯ ಶ್ವಾಸಕೋಶ ತಜ್ಞರ ಹತ್ತಿರ ಹೋದವರಿಗೆ ಒಂದು ಅನುಭವ ಆಗಿರುತ್ತೆ. ಅವರು ಬಹಳ ಪ್ರಶ್ನೆ ಕೇಳ್ತಾರೆ. ಕೆಮ್ಮು ಎಷ್ಟು ವಾರದಿಂದ? ರಾತ್ರಿ ಜಾಸ್ತಿಯೋ, ಬೆಳಗ್ಗೆಯೋ? ಸಂಜೆ ಮೈ ಬೆಚ್ಚಗಾಗುತ್ತಾ? ರಾತ್ರಿ ಬೆವರಿ ಬನಿಯನ್ ಒದ್ದೆ ಆಗುತ್ತಾ? ತೂಕ ಎಷ್ಟಿತ್ತು, ಈಗ ಎಷ್ಟು? ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತಾ? ಸಕ್ಕರೆ ಕಾಯಿಲೆ ಇದೆಯಾ? ಎಲ್ಲಿ ಕೆಲಸ ಮಾಡ್ತೀರಿ?

ಕೊನೆಯ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಬಹಳ ಮುಖ್ಯ. ಅದಕ್ಕೆ ಆಮೇಲೆ ಬರೋಣ.

ಎರಡನೇದು ಉಸಿರು ಎಣಿಸೋದು. ಕೂತಲ್ಲೇ ಕೂತ ದೊಡ್ಡವರ ಉಸಿರು ನಿಮಿಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನ್ಯುಮೋನಿಯಾ ಗಂಭೀರ ಇರಬಹುದು ಅಂತ ಲೆಕ್ಕ. ಒಂದರಿಂದ ಐದು ವರ್ಷದ ಮಗುವಿಗೆ 40, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50 ದಾಟಿದರೆ ತಡ ಮಾಡುವಂತಿಲ್ಲ. ಉಸಿರೆಳೆದಾಗ ಮಗುವಿನ ಪಕ್ಕೆ ಒಳಗೆ ಹೋಗ್ತಾ ಇದ್ದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಅಂತ ಕಾಯಬಾರದು. ಇದಕ್ಕೆ ಯಂತ್ರ ಬೇಕಿಲ್ಲ. ಸೆಕೆಂಡ್ ಮುಳ್ಳಿರೋ ಗಡಿಯಾರ ಇದ್ದರೆ ಮನೆಯಲ್ಲೇ ಎಣಿಸಬಹುದು.

ಮೂರನೇದು, ಎಲ್ಲಕ್ಕಿಂತ ದೊಡ್ಡದು, ಕಫ. ಕೆಮ್ಮು ಎರಡು ವಾರ ದಾಟಿದೆ ಅಂದ ಕೂಡಲೇ ತಜ್ಞರು ಔಷಧಿ ಬರೆಯೋ ಮೊದಲು ಕಫದ ಡಬ್ಬಿ ಕೈಗೆ ಕೊಡ್ತಾರೆ. ಎಕ್ಸ್‌ರೇ ನೆರಳು ತೋರಿಸುತ್ತೆ, ಆದರೆ ಆ ನೆರಳು ಕ್ಷಯದ್ದೋ, ಬೇರೆ ಬ್ಯಾಕ್ಟೀರಿಯಾದ್ದೋ, ಹಳೆಯ ಗಾಯದ ಗುರುತೋ, ಧೂಳಿನದೋ ಅಂತ ಖಚಿತವಾಗಿ ಹೇಳೋದಿಲ್ಲ. ರೋಗಾಣುವಿನ ಹೆಸರು ಕಫ ಹೇಳುತ್ತೆ.

ಇಲ್ಲಿ ಒಂದು ಸಣ್ಣ ಮಾತು. ಬಹಳ ಜನ ಡಬ್ಬಿಯಲ್ಲಿ ಉಗುಳು ಹಾಕಿ ಕೊಡ್ತಾರೆ. ಅದರಲ್ಲಿ ಏನೂ ಸಿಗೋದಿಲ್ಲ, 'ನೆಗೆಟಿವ್' ಅಂತ ಬರುತ್ತೆ, ಎಲ್ಲರೂ ನಿರಾಳ ಆಗ್ತಾರೆ. ಬೆಳಗ್ಗೆ ಎದ್ದ ಕೂಡಲೇ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಬಯಲಲ್ಲಿ ನಿಂತು, ಎರಡು ಮೂರು ಸಲ ಉದ್ದಕ್ಕೆ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ ಬಂದ ಗಟ್ಟಿ ಕಫ ಕೊಡಬೇಕು. ಮನೆಯ ಒಳಗೆ, ಬೇರೆಯವರ ಎದುರಿಗೆ ಬೇಡ. ಇಷ್ಟು ಹೇಳಿಕೊಡೋಕೆ ಎರಡು ನಿಮಿಷ ಸಾಕು, ಆದರೆ ಗದ್ದಲದ ಓಪಿಡಿಯಲ್ಲಿ ಬಿಟ್ಟುಹೋಗೋದು ಇದೇ ಎರಡು ನಿಮಿಷ.

ಡಬ್ಬಿ ಹೋಗೋದು ಈಗ ಮೈಕ್ರೋಸ್ಕೋಪಿಗೆ ಮಾತ್ರ ಅಲ್ಲ. ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಯಂತ್ರಗಳು ಬಂದಿವೆ, ಸಿಬಿನಾಟ್ ಮತ್ತು ಟ್ರೂನಾಟ್. ಟ್ರೂನಾಟ್ ನಮ್ಮದೇ ರಾಜ್ಯದಲ್ಲಿ ಹುಟ್ಟಿದ್ದು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ ಈ ಯಂತ್ರವನ್ನು ಗೋವಾದ ಮೋಲ್‌ಬಯೋ ಕಂಪನಿ ಮಾರುಕಟ್ಟೆಗೆ ತಂದಿತು. ಬ್ಯಾಟರಿ ಮೇಲೆ ನಡೆಯುತ್ತೆ, ಎಸಿ ಕೋಣೆ ಬೇಡ, ಸುಮಾರು ಒಂದು ಗಂಟೆಯಲ್ಲಿ ಫಲಿತಾಂಶ ಕೊಡುತ್ತೆ. ಕರೆಂಟ್ ಕಣ್ಣಾಮುಚ್ಚಾಲೆ ಆಡುವ ಊರಿಗೆ ಇದು ದೊಡ್ಡ ಅನುಕೂಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಟ್ಟಿತು. ಕ್ಷಯ ಇದ್ದರೆ, ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಆ ರೋಗಾಣು ಬಗ್ಗುತ್ತದೋ ಇಲ್ಲವೋ ಅನ್ನೋದನ್ನೂ ಇದೇ ಯಂತ್ರದಲ್ಲಿ ನೋಡಬಹುದು.

ತಪ್ಪು ರೋಗಿಯದೇ ಅಂತ ಹೇಳೋರಿಗೆ ತುಮಕೂರಿನ ಉತ್ತರ

"ನಮ್ಮ ಜನಕ್ಕೆ ತಿಳುವಳಿಕೆ ಇಲ್ರಿ, ಕೆಮ್ಮಿಕೊಂತ ಮನ್ಯಾಗ ಕುಂದರ್ತಾರ." ಈ ಮಾತು ಬಹಳ ಹಳೆಯದು. ಇದು ನಿಜವೋ ಅಂತ 1960ರ ದಶಕದ ಆರಂಭದಲ್ಲೇ ನಮ್ಮ ರಾಜ್ಯದಲ್ಲಿ ಪರೀಕ್ಷೆ ಮಾಡಿದವರಿದ್ದಾರೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. 1960ರಲ್ಲಿ ನೆಹರೂ ಬಂದು ಉದ್ಘಾಟಿಸಿದರು. ಅದು ಇರೋದು ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗೋ ನಮ್ಮವರು ಅದರ ಮುಂದೆ ಹಾದುಹೋಗಿರ್ತಾರೆ, ಗಮನಿಸಿರೋದಿಲ್ಲ ಅಷ್ಟೆ. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿ, ಪಟ್ಟಣಗಳಲ್ಲಿ ಕ್ಷಯ ಇರುವವರನ್ನು ಗುರುತಿಸಿ, ಅವರ ಮನೆಗೇ ಹೋಗಿ ಮಾತಾಡಿಸಿದರು. ಮೈಯಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಿತ್ತಾ? ಚಿಂತೆ ಆಗಿತ್ತಾ? ಎಲ್ಲಾದರೂ ತೋರಿಸಿದ್ರಾ?

1963ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಕಫದಲ್ಲಿ ರೋಗಾಣು ಇದ್ದವರ ಪೈಕಿ ಶೇ 95ರಷ್ಟು ಜನರಿಗೆ ತಮ್ಮ ಲಕ್ಷಣ ಗೊತ್ತಿತ್ತು. ಶೇ 72ರಷ್ಟು ಜನ ಅದರ ಬಗ್ಗೆ ಚಿಂತೆ ಮಾಡಿದ್ದರು. ಶೇ 52ರಷ್ಟು ಜನ ಡಾಕ್ಟರ ಹತ್ತಿರವೋ ಆಸ್ಪತ್ರೆಗೋ ಹೋಗಿ ತೋರಿಸಿಯೇ ಇದ್ದರು. ಹೋದವರಲ್ಲಿ ಬಹಳ ಜನರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿ ಬಾಟಲಿ. ಕಫ ಯಾರೂ ಕೇಳಿರಲಿಲ್ಲ.

ಅಂದರೆ ರೋಗಿ ಬಾಗಿಲಿಗೆ ಬಂದಿದ್ದ, ಬಾಗಿಲಲ್ಲಿ ಇದ್ದವರೇ ಅವನನ್ನು ಗುರುತಿಸಲಿಲ್ಲ. ಅರವತ್ತು ವರ್ಷದ ಮೇಲೂ ಈ ಅಂಕಿಗಳು ಹಳತಾಗಿಲ್ಲ ಅನ್ನೋದು ಈ ಬರಹಗಾರನ ಅಭಿಪ್ರಾಯ. ಬಾಟಲಿ ಕೊಡುವ ಜಾಗ ಆಸ್ಪತ್ರೆಯಿಂದ ಮೆಡಿಕಲ್ ಶಾಪಿಗೆ ಬಂದಿದೆ, ಅಷ್ಟೇ ವ್ಯತ್ಯಾಸ.

ಈ ಅಧ್ಯಯನದಿಂದ ಒಂದು ದೊಡ್ಡ ತೀರ್ಮಾನ ಹೊರಟಿತು. ಊರೂರಿಗೆ ಎಕ್ಸ್‌ರೇ ಗಾಡಿ ಓಡಿಸೋದಕ್ಕಿಂತ, ಕೆಮ್ಮಿಕೊಂಡು ಸರ್ಕಾರಿ ಆಸ್ಪತ್ರೆಗೆ ತಾನಾಗಿ ಬಂದವರ ಕಫ ನೋಡಿ, ಅಲ್ಲೇ ಔಷಧಿ ಕೊಡಿ ಅಂತ. ಜಿಲ್ಲಾ ಮಟ್ಟದ ಈ ವ್ಯವಸ್ಥೆಯನ್ನು ಆಗ ಪ್ರಯೋಗಕ್ಕೆ ಇಳಿಸಿದ್ದು ನಮ್ಮ ಪಕ್ಕದ ಅನಂತಪುರ ಜಿಲ್ಲೆಯಲ್ಲಿ.

ಅದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಇನ್ನೊಂದು ಅಧ್ಯಯನ ಮಾಡಿತು. ಹೆಚ್ಚುಕಡಿಮೆ ಚಿಕಿತ್ಸೆಯೇ ಸಿಗದ ಆ ಕಾಲದ ಹಳ್ಳಿಗಳಲ್ಲಿ, ಕಫದಲ್ಲಿ ರೋಗಾಣು ಇದ್ದವರು ಐದು ವರ್ಷದಲ್ಲಿ ಏನಾದರು ಅಂತ ನೋಡಿದಾಗ ಸುಮಾರು ಅರ್ಧ ಜನ ತೀರಿಹೋಗಿದ್ದರು. ಮೂರನೇ ಒಂದು ಭಾಗದವರಿಗೆ ತಾನಾಗಿ ವಾಸಿಯಾಗಿತ್ತು. ಉಳಿದವರು ರೋಗಾಣು ಹೊತ್ತುಕೊಂಡು ಬದುಕಿದ್ದರು. "ನಮ್ಮ ದೊಡ್ಡಪ್ಪನಿಗೂ ಇತ್ತು, ಔಷಧಿ ಇಲ್ಲದೇ ಹೋಯ್ತು" ಅಂತ ಹೇಳುವವರು ಇರ್ತಾರಲ್ಲ, ಅವರು ಹೇಳೋದು ಸುಳ್ಳಿರಲಿಕ್ಕಿಲ್ಲ. ದೊಡ್ಡಪ್ಪ ಆ ಮೂರನೇ ಒಂದು ಭಾಗದಲ್ಲಿ ಇದ್ದರು. ಉಳಿದವರ ಕತೆ ಹೇಳೋಕೆ ಅವರೇ ಉಳಿದಿಲ್ಲ.

ಬಳ್ಳಾರಿಯ ಹಳಬರಿಗೆ ವೆಲ್ಲೆಸ್ಲಿ ಸ್ಯಾನಿಟೋರಿಯಂ ಹೆಸರು ನೆನಪಿರಬಹುದು. ಆ ಕಾಲದಲ್ಲಿ ಟಿ.ಬಿ. ಅಂದ್ರೆ ಊರ ಹೊರಗೆ ತಿಂಗಳುಗಟ್ಟಲೆ ಮಲಗಬೇಕಿತ್ತು. ಮದ್ರಾಸಿನಲ್ಲಿ 1956ರಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಅದನ್ನು ಬದಲಾಯಿಸಿತು. ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಿಟೋರಿಯಂನಲ್ಲಿ, ಇನ್ನೊಂದಕ್ಕೆ ಮನೆಯಲ್ಲೇ ಅದೇ ಔಷಧಿ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅವರ ಮನೆಮಂದಿಗೆ ರೋಗ ಹೆಚ್ಚು ಹರಡಲೂ ಇಲ್ಲ. ಇವತ್ತು ರೋಗಿ ಮನೆಯಲ್ಲಿದ್ದು ಮಾತ್ರೆ ತಗೊಳ್ಳೋದು ಆ ಸಂಶೋಧನೆಯ ಫಲ.

ಮಂಗಳೂರಿನ ಡಾಕ್ಟರು, ಜಾರ್ಖಂಡಿನ ಅಕ್ಕಿ ಬೇಳೆ

ಈಗ ಇತ್ತೀಚಿನ ಕತೆಗೆ ಬರೋಣ. ಕರ್ನಾಟಕದಲ್ಲಿ ಕೂತು ಕ್ಷಯದ ಬಗ್ಗೆ ಜಗತ್ತು ಓದುವ ಕೆಲಸ ಮಾಡಿದವರಲ್ಲಿ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಪ್ರಮುಖರು. ಇಬ್ಬರೂ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನವರು. ತಮಾಷೆ ನೋಡಿ, ಅನುರಾಗ್ ಭಾರ್ಗವ ಅವರದು ಜನರಲ್ ಮೆಡಿಸಿನ್ ವಿಭಾಗ, ಮಾಧವಿ ಅವರದು ಸಮುದಾಯ ವೈದ್ಯಶಾಸ್ತ್ರ. ಇಬ್ಬರ ವಿಭಾಗದ ಬೋರ್ಡಿನ ಮೇಲೂ 'ಶ್ವಾಸಕೋಶ' ಅನ್ನೋ ಪದ ಇಲ್ಲ.

ಅನುರಾಗ್ ಭಾರ್ಗವ ಅವರು ಮೊದಲು ಛತ್ತೀಸಗಢದ ಬಿಲಾಸಪುರ ಹತ್ತಿರದ ಗನಿಯಾರಿಯಲ್ಲಿ, ಜನ ಸ್ವಾಸ್ಥ್ಯ ಸಹಯೋಗ ಅನ್ನೋ ಸಂಸ್ಥೆಯ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಅಲ್ಲಿಗೆ ಬರುತ್ತಿದ್ದ ಕ್ಷಯ ರೋಗಿಗಳ ತೂಕವನ್ನು ಆಸ್ಪತ್ರೆ ತಪ್ಪದೇ ಬರೆದಿಡುತ್ತಿತ್ತು. 2004ರಿಂದ 2009ರವರೆಗಿನ 1,695 ರೋಗಿಗಳ ಲೆಕ್ಕವನ್ನು ಅವರು 2013ರಲ್ಲಿ ಪ್ರಕಟಿಸಿದರು. ಗಂಡಸರ ಮಧ್ಯಮ ತೂಕ 42 ಕೆ.ಜಿ. ಹೆಂಗಸರದು 34 ಕೆ.ಜಿ. ಒಮ್ಮೆ ಯೋಚನೆ ಮಾಡಿ, ಸಿರುಗುಪ್ಪದ ಮಿಲ್ಲಿನಲ್ಲಿ ಹಮಾಲಿ ಬೆನ್ನ ಮೇಲೆ ಹೊರೋ ಅಕ್ಕಿ ಚೀಲಕ್ಕಿಂತ ಕಡಿಮೆ ತೂಕದ ದೊಡ್ಡ ಮನುಷ್ಯರು. ತೂಕ ಕಡಿಮೆ ಇದ್ದಷ್ಟೂ ಸಾವು ಜಾಸ್ತಿ ಅನ್ನೋದು ಆ ಲೆಕ್ಕದಲ್ಲಿ ಕಂಡಿತು.

ರೋಗ ಬಂದು ತೂಕ ಇಳಿಯಿತೋ, ಹೊಟ್ಟೆಗೆ ಸಾಲದೇ ಇದ್ದದ್ದಕ್ಕೆ ರೋಗ ಬಂತೋ? ಎರಡೂ ನಿಜ ಅಂತ ಬಹಳ ವರ್ಷದಿಂದ ಅನುಮಾನ ಇತ್ತು. ಆದರೆ ಊಟ ಕೊಟ್ಟರೆ ರೋಗ ತಡೆಯಬಹುದು ಅಂತ ಸರಿಯಾದ ಪ್ರಯೋಗ ಮಾಡಿ ತೋರಿಸಬೇಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ 2019ರಲ್ಲಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಆ ಪ್ರಯೋಗ ಶುರುವಾಯಿತು. ಹೆಸರು ರೇಷನ್ಸ್. 2,800 ರೋಗಿಗಳು, ಅವರ ಮನೆಯ 10,345 ಮಂದಿ. ಔಷಧಿಯ ಜೊತೆಗೆ ಎಲ್ಲಾ ರೋಗಿಗಳಿಗೂ ತಿಂಗಳಿಗೆ 10 ಕೆ.ಜಿ. ಆಹಾರದ ಬುಟ್ಟಿ. ಅರ್ಧ ಭಾಗದ ಊರುಗಳಲ್ಲಿ ಮನೆಮಂದಿಗೂ ಆಹಾರ ಕೊಟ್ಟರು, ದೊಡ್ಡವರೊಬ್ಬರಿಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಉಳಿದ ಊರುಗಳಲ್ಲಿ ಮನೆಮಂದಿಗೆ ಇದು ಇರಲಿಲ್ಲ. ಆಮೇಲೆ ಎರಡೂ ಕಡೆ ಯಾರ್ಯಾರಿಗೆ ಹೊಸದಾಗಿ ಕ್ಷಯ ಬರುತ್ತೆ ಅಂತ ನೋಡ್ತಾ ಹೋದರು.

2023ರ ಆಗಸ್ಟ್‌ನಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅಕ್ಕಿ ಬೇಳೆ ಸಿಕ್ಕ ಮನೆಗಳಲ್ಲಿ ಹೊಸ ಕ್ಷಯ ಶೇ 39ರಷ್ಟು ಕಡಿಮೆ. ಕಫ ಪರೀಕ್ಷೆಯಲ್ಲಿ ಖಚಿತವಾಗುವ, ಬೇರೆಯವರಿಗೆ ಹರಡುವ ಶ್ವಾಸಕೋಶದ ಕ್ಷಯ ಶೇ 48ರಷ್ಟು ಕಡಿಮೆ. ಸುಮಾರು 30 ಮನೆಗೆ ಆಹಾರ ಕೊಟ್ಟರೆ ಒಂದು ಕ್ಷಯ ತಪ್ಪುತ್ತೆ ಅನ್ನೋದು ಅವರ ಲೆಕ್ಕ. ರೋಗಿಗಳ ಬಗ್ಗೆಯೂ ಒಂದು ಮುಖ್ಯ ವಿಷಯ ಗೊತ್ತಾಯಿತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವು ಬಹಳ ಕಡಿಮೆ.

ಕಿರಾಣಿ ಅಂಗಡಿಯವರು ಈ ಪ್ರಯೋಗದ ಪಟ್ಟಿ ಇನ್ನೊಮ್ಮೆ ನೋಡಿ. ಅದರಲ್ಲಿ ನಿಮ್ಮ ಅಂಗಡಿಯಲ್ಲಿ ಇಲ್ಲದ್ದು ಏನೂ ಇಲ್ಲ. 42 ಕೆ.ಜಿ. ಇರೋ ರೋಗಿ ಎರಡು ತಿಂಗಳಲ್ಲಿ ಎರಡು ಕೆ.ಜಿ. ಏರಬೇಕು, ಅಷ್ಟೆ. ನಮ್ಮ ಕಡೆ ಅದು ಶೇಂಗಾ, ಬೇಳೆ, ಮೊಟ್ಟೆ, ಹಾಲಿನಲ್ಲಿ ಆಗುವ ಕೆಲಸ. ದುಬಾರಿ ಪ್ರೋಟೀನ್ ಪುಡಿ ಡಬ್ಬ ಕೊಂಡು ತರಲೇಬೇಕು ಅಂತಿಲ್ಲ.

ತಜ್ಞರು ಪ್ರತಿ ಭೇಟಿಯಲ್ಲೂ ತೂಕದ ಯಂತ್ರದ ಮೇಲೆ ನಿಲ್ಲಿಸೋದು ಇದಕ್ಕೇ. ಮಾತ್ರೆಯ ಲೆಕ್ಕವೂ ತೂಕದ ಮೇಲೆ. ನಾಲ್ಕು ಔಷಧಿ ಸೇರಿದ ಮಾತ್ರೆ 35ರಿಂದ 49 ಕೆ.ಜಿ. ಇರುವವರಿಗೆ ದಿನಕ್ಕೆ ಮೂರು, 50ರಿಂದ 64 ಇರುವವರಿಗೆ ನಾಲ್ಕು. ಒಂದೇ ಮನೆಯ ಇಬ್ಬರಿಗೆ ಬೇರೆ ಬೇರೆ ಲೆಕ್ಕ ಇರಬಹುದು. ಅಣ್ಣನ ಮಾತ್ರೆ ತಮ್ಮನಿಗೆ ಕೊಡೋದು ಬೇಡ.

ನಮ್ಮ ಜಿಲ್ಲೆಯ ಧೂಳು

ಎಲ್ಲಿ ಕೆಲಸ ಮಾಡ್ತೀರಿ ಅನ್ನೋ ಪ್ರಶ್ನೆ ಬಾಕಿ ಇತ್ತು. ಸಂಡೂರಿನ ಗಣಿ, ಕಲ್ಲು ಕ್ರಷರ್, ಸ್ಪಾಂಜ್ ಐರನ್ ಕಾರ್ಖಾನೆ, ಸಿರುಗುಪ್ಪದ ರೈಸ್ ಮಿಲ್, ಕುರುಗೋಡು ಕಡೆ ಒಣಮೆಣಸಿನಕಾಯಿ ರಾಶಿ, ಬಳ್ಳಾರಿಯ ಜೀನ್ಸ್ ಘಟಕಗಳು. ಈ ಜಿಲ್ಲೆಯಲ್ಲಿ ಧೂಳು ಕುಡಿಯದೇ ದುಡಿಯುವವರು ಎಷ್ಟು ಜನ?

ಎಲ್ಲಾ ಧೂಳೂ ಒಂದೇ ಅಲ್ಲ. ಮೆಣಸಿನಕಾಯಿ ಘಾಟು ಗಂಟಲು, ಉಸಿರುನಾಳ ಕೆರಳಿಸಿ ಕೆಮ್ಮು ತರುತ್ತೆ, ಅಸ್ತಮಾ ಇದ್ದವರಿಗೆ ಜಾಸ್ತಿ ಮಾಡುತ್ತೆ. ಮಿಲ್ಲಿನ ತೌಡು, ಬೂಷ್ಟು ಹಿಡಿದ ಧಾನ್ಯದ ಧೂಳು ಕೆಲವರಲ್ಲಿ ಶ್ವಾಸಕೋಶದ ಅಲರ್ಜಿ ಉರಿಯೂತ ತರುತ್ತೆ. ಕಲ್ಲು ಒಡೆಯುವಾಗ ಏಳುವ ಸಿಲಿಕಾ ಧೂಳು ಎಲ್ಲಕ್ಕಿಂತ ಕೆಟ್ಟದ್ದು. ಶ್ವಾಸಕೋಶದಲ್ಲಿ ಕಾವಲು ಕಾಯುವ ಕಣಗಳಿರುತ್ತವೆ, ಹೊರಗಿಂದ ಬಂದ ರೋಗಾಣುವನ್ನು ನುಂಗುವುದು ಅವುಗಳ ಕೆಲಸ. ಸಿಲಿಕಾ ನುಂಗಿದ ಕಣ ತಾನೇ ಸಾಯುತ್ತೆ. ಹೀಗಾಗಿ ಸಿಲಿಕೋಸಿಸ್ ಆದವರಿಗೆ ಕ್ಷಯ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ.

ತೊಂದರೆ ಏನಂದ್ರೆ, ಸಿಲಿಕೋಸಿಸ್ ಮತ್ತು ಕ್ಷಯ ಎರಡೂ ಎಕ್ಸ್‌ರೇಯಲ್ಲಿ ಒಂದೇ ತರಹ ಕಾಣಬಹುದು. ಕ್ರಷರ್‌ನಲ್ಲಿ ಹತ್ತು ವರ್ಷ ದುಡಿದವನಿಗೆ ಕಫದಲ್ಲಿ ಏನೂ ಸಿಗದಿದ್ದರೂ ಮತ್ತೆ ಮತ್ತೆ ಟಿ.ಬಿ. ಮಾತ್ರೆ ಕೊಡೋದು, ಇಲ್ಲವೇ ನಿಜವಾಗಿ ಟಿ.ಬಿ. ಇದ್ದರೂ "ಇದು ಧೂಳಿನದು" ಅಂತ ಬಿಡೋದು, ಎರಡೂ ಆಗಬಹುದು. ಶ್ವಾಸಕೋಶ ತಜ್ಞರ ಓದು ನಿಜವಾಗಿ ಕೆಲಸಕ್ಕೆ ಬರೋದು ಇಂಥ ಕಡೆ. ಹಾಗಾಗಿ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಯಾವ ಕೆಲಸ, ಎಷ್ಟು ವರ್ಷ, ಮೂಗಿಗೆ ಏನಾದರೂ ಕಟ್ಟಿಕೊಳ್ತಿದ್ರಾ. ಈಗಿನ ಕೆಲಸ ಬೇರೆ ಆಗಿದ್ದರೂ ಹಳೆಯ ಕೆಲಸ ಹೇಳಬೇಕು. ಧೂಳು ವರ್ಷಗಳ ನಂತರ ರೋಗ ತೋರಿಸುತ್ತೆ.

ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವವರಿಗೆ ಧೂಳಿನ ಬದಲು ಸಕ್ಕರೆ ಕಾಯಿಲೆಯ ಚಿಂತೆ. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಕ್ಷಯ ಬರುವ ಅಪಾಯ ಎರಡು ಮೂರು ಪಟ್ಟು. ಕ್ಷಯ ಅಂತ ಗೊತ್ತಾದ ಪ್ರತಿಯೊಬ್ಬರಿಗೂ ಸಕ್ಕರೆ ಪರೀಕ್ಷೆ ಮಾಡಿಸಬೇಕು ಅನ್ನೋ ನಿಯಮ ಇರೋದು ಇದಕ್ಕೇ. ಬೀಡಿ, ಸಿಗರೇಟು ಸೇರಿದರೆ ಇನ್ನೂ ಕಷ್ಟ.

ಮೆಡಿಕಲ್ ಶಾಪಿನವರಿಗೆ ಎರಡು ಮಾತು

ಲೆವೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಕೆಮ್ಮು, ಜ್ವರಕ್ಕೆ ಬಹಳ ಓಡುತ್ತೆ. ಅದು ಕ್ಷಯದ ರೋಗಾಣುವನ್ನೂ ಅರ್ಧಂಬರ್ಧ ಹೊಡೆಯುತ್ತೆ. ರೋಗಿಗೆ ಎರಡು ವಾರ ಹಗುರ ಅನಿಸುತ್ತೆ, ಕಫ ಪರೀಕ್ಷೆಯೂ ತಪ್ಪು ದಾರಿ ಹಿಡಿಯಬಹುದು. ಆಮೇಲೆ ರೋಗ ಮತ್ತೆ ಎದ್ದಾಗ, ಮೊಂಡು ಟಿ.ಬಿ.ಗೆ ಬೇಕಾದ ಆ ಔಷಧಿ ಗುಂಪಿಗೇ ರೋಗಾಣು ಬಗ್ಗದಂತೆ ಆಗಿರಬಹುದು. ಸ್ಟೀರಾಯ್ಡ್ ಕತೆ ಇನ್ನೂ ಬೇರೆ. ಅದನ್ನು ಕೊಟ್ಟ ಕೂಡಲೇ ಜ್ವರ ಇಳಿಯುತ್ತೆ, ಊಟ ರುಚಿಸುತ್ತೆ. ಒಳಗೆ ಮೈಯ ಕಾವಲು ಮಲಗಿ ರೋಗ ಹಬ್ಬುತ್ತೆ.

ಈ ಲೆವೊಫ್ಲಾಕ್ಸಾಸಿನ್ ಮತ್ತು ಟಿ.ಬಿ. ಔಷಧಿಗಳು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್-1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟಿರಿ ಅನ್ನೋದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. 2018ರ ಅಧಿಸೂಚನೆ ಪ್ರಕಾರ ಟಿ.ಬಿ. ಔಷಧಿ ಮಾರಿದ ಅಂಗಡಿಯವರೂ ರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸಬೇಕು. ಕಾನೂನಿನ ಮಾತು ಪಕ್ಕಕ್ಕಿಡಿ. ಮೂರನೇ ಸಲ ಸಿರಪ್ ಕೇಳಿದ ಗಿರಾಕಿಗೆ "ಎಷ್ಟು ದಿನ ಆತು? ಕಫ ತೋರಿಸ್ರಿ" ಅಂದ್ರೆ ತುಮಕೂರಿನ ಆ ಶೇ 52ರಲ್ಲಿ ಒಬ್ಬರು ಕಡಿಮೆ ಆಗ್ತಾರೆ. ನಮ್ಮ ಕೆಲವು ಅಂಗಡಿಯವರು ಇದನ್ನು ಈಗಲೇ ಮಾಡ್ತಾರೆ, ಅದನ್ನೂ ಹೇಳಲೇಬೇಕು.

ಎಲ್ಲಿಗೆ ಹೋಗಬೇಕು, ಏನು ಸಿಗುತ್ತೆ

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯೋದು, ರಾತ್ರಿ ಬೆವರು, ಕಫದಲ್ಲಿ ರಕ್ತ. ಇದರಲ್ಲಿ ಯಾವುದಿದ್ದರೂ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಸಿರುಗುಪ್ಪ ತಾಲ್ಲೂಕು ಆಸ್ಪತ್ರೆ ಇಲ್ಲವೇ ಕುರುಗೋಡು ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಬಹುದು. ನೇರವಾಗಿ ತಜ್ಞರ ಹತ್ತಿರವೇ ಓಡಬೇಕು ಅಂತಿಲ್ಲ. ಪರೀಕ್ಷೆಗೆ, ಔಷಧಿಗೆ ಹಣ ಇಲ್ಲ. ಕಫದಲ್ಲಿ ಏನೂ ಸಿಗದೆ ಕೆಮ್ಮು ಮುಂದುವರಿದರೆ, ಉಸಿರಾಟ ಕಷ್ಟ ಆದರೆ, ರಕ್ತ ಜಾಸ್ತಿ ಬಂದರೆ, ಔಷಧಿ ಶುರು ಮಾಡಿ ಎರಡು ತಿಂಗಳಾದರೂ ತೂಕ ಏರದಿದ್ದರೆ ಆಗ ಬಳ್ಳಾರಿಯ ಜಿಲ್ಲಾಸ್ಪತ್ರೆ ಅಥವಾ ಬಿಎಂಸಿಆರ್‌ಸಿಯ ಶ್ವಾಸಕೋಶ ವಿಭಾಗಕ್ಕೆ ಹೋಗಬೇಕು. ಬಿಎಂಸಿಆರ್‌ಸಿ ಅಂದ್ರೆ ನಮ್ಮ ಜನ ಈಗಲೂ ವಿಮ್ಸ್ ಅನ್ನೋ, 1961ರಲ್ಲಿ ಶುರುವಾದ ಕಾಲೇಜು. ಹೋಗುವಾಗ ಹಳೆಯ ಎಕ್ಸ್‌ರೇ, ತಿಂದ ಮಾತ್ರೆಯ ಖಾಲಿ ಪಟ್ಟಿ ಎಲ್ಲಾ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ತಜ್ಞರಿಗೆ ಹೊಸ ಫಿಲಂಗಿಂತ ಹಳೆಯದು ಎಷ್ಟೋ ಸಲ ಹೆಚ್ಚು ಹೇಳುತ್ತೆ, ನೆರಳು ಬೆಳೆದಿದೆಯಾ, ಹಾಗೇ ಇದೆಯಾ ಅಂತ.

ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಔಷಧಿಗೆ ಬಗ್ಗದ ಮೊಂಡು ಕ್ಷಯಕ್ಕೆ ಮೊದಲು ಒಂದೂವರೆ ವರ್ಷದ ಮೇಲೂ ಮಾತ್ರೆ ತಿನ್ನಬೇಕಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ನಾಲ್ಕು ಔಷಧಿಗಳ ಹೊಸ ಪದ್ಧತಿಯಲ್ಲಿ ಅದೂ ಆರು ತಿಂಗಳಿಗೆ ಇಳಿದಿದೆ. ಎಲ್ಲರಿಗೂ ಅದು ಹೊಂದುತ್ತೆ ಅಂತಲ್ಲ, ತಜ್ಞರು ನೋಡಿ ನಿರ್ಧರಿಸಬೇಕು. ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರನ್ನೂ ಪರೀಕ್ಷಿಸಿ, ರೋಗ ಇಲ್ಲದಿದ್ದರೂ ಬರದಂತೆ ತಡೆಯುವ ಮಾತ್ರೆ ಕೊಡುವ ವ್ಯವಸ್ಥೆ ಇದೆ. ಕೇಳಿ ಪಡೆಯಿರಿ.

ಊಟಕ್ಕಾಗಿ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಬ್ಯಾಂಕ್ ಖಾತೆಗೆ ಹಣ ಬರುತ್ತೆ. 2018ರಲ್ಲಿ ತಿಂಗಳಿಗೆ ₹500 ಇದ್ದದ್ದು 2024ರ ನವೆಂಬರ್ 1ರಿಂದ ₹1,000 ಆಗಿದೆ. ಖಾಸಗಿ ಡಾಕ್ಟರ ಹತ್ತಿರ ಚಿಕಿತ್ಸೆ ತಗೊಳ್ಳುವವರಿಗೂ ಇದು ಸಿಗುತ್ತೆ, ಹೆಸರು ನಿಕ್ಷಯ್ ಪಟ್ಟಿಗೆ ಸೇರಿರಬೇಕು. ಸಂಶಯ ಇದ್ದರೆ 1800-11-6666ಗೆ ಉಚಿತವಾಗಿ ಕರೆ ಮಾಡಬಹುದು.

ಕೊನೆಯದಾಗಿ ವ್ಯಾಪಾರಸ್ಥರಿಗೆ. 2022ರಲ್ಲಿ ಶುರುವಾದ ನಿಕ್ಷಯ್ ಮಿತ್ರ ಅನ್ನೋ ವ್ಯವಸ್ಥೆಯಲ್ಲಿ ಯಾರು ಬೇಕಾದರೂ, ಒಬ್ಬ ವ್ಯಕ್ತಿಯೋ, ಅಂಗಡಿಯೋ, ಮಿಲ್ಲೋ, ವರ್ತಕರ ಸಂಘವೋ, ಒಬ್ಬ ರೋಗಿಗೆ ಕನಿಷ್ಠ ಆರು ತಿಂಗಳು ಆಹಾರದ ಬುಟ್ಟಿ ಕೊಡೋ ಹೊಣೆ ಹೊರಬಹುದು. ರೋಗಿಯ ಒಪ್ಪಿಗೆ ಇದ್ದರೆ ಮಾತ್ರ. ರೇಷನ್ಸ್ ಫಲಿತಾಂಶ ಬಂದ ಮರುವರ್ಷ, 2024ರಲ್ಲಿ, ರೋಗಿಯ ಮನೆಮಂದಿಯನ್ನೂ ಇದರ ವ್ಯಾಪ್ತಿಗೆ ತಂದರು. ಹೆಸರು ಬರೆಸೋಕೆ ತಾಲ್ಲೂಕು ಆಸ್ಪತ್ರೆಯ ಕ್ಷಯ ವಿಭಾಗದಲ್ಲಿ ಕೇಳಿದರೆ ದಾರಿ ತೋರಿಸ್ತಾರೆ. ಬುಟ್ಟಿ ಕೊಡುವಾಗ ರೋಗಿಯನ್ನು ಪಕ್ಕಕ್ಕೆ ನಿಲ್ಲಿಸಿ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕೋ ಚಟ ಕೆಲವು ಕಡೆ ಇದೆ. ಅದೊಂದು ಬೇಡ. ಮದುವೆಗೆ ಬಂದಿರೋ ಹುಡುಗಿ ಆ ಮನೆಯಲ್ಲಿ ಇರಬಹುದು, ರೋಗ ಆರು ತಿಂಗಳಲ್ಲಿ ಹೋಗುತ್ತೆ, ಫೋಟೋ ಹೋಗೋದಿಲ್ಲ.